ಅದೇ ಕೀಮೋ, ಬೇರೆ ಬೇರೆ ಫಲ

ಕೇಳುಗರಿಗೆ ನಮಸ್ಕಾರ.

‘ಪಕ್ಕದ ಬೆಡ್ಡಿನವರಿಗೂ ಹೊಟ್ಟೆ ಕ್ಯಾನ್ಸರೇ, ಕೊಟ್ಟಿದ್ದೂ ಅದೇ ಔಷಧಿ. ಅವರ ಗಡ್ಡೆ ಕರಗ್ತು, ನಮ್ಮಪ್ಪಂದು ಯಾಕೆ ಕರಗ್ಲಿಲ್ಲ ಡಾಕ್ಟ್ರೇ?’ ಮೈಸೂರಿಗೆ ಕೀಮೋಗೆಂದು ಮಂಡ್ಯ, ಮಳವಳ್ಳಿ ಕಡೆಯಿಂದ ಬರುವ ಮನೆಯವರು ಹೀಗೆ ಕೇಳುತ್ತಾರೆ. ಪಥ್ಯ ತಪ್ಪಿತೇನೋ ಅಂತ ಸುಮ್ನೆ ಕೊರಗುತ್ತಾರೆ. ಎಷ್ಟೋ ಸಲ ಕಾರಣ ಗಡ್ಡೆಯ ಜೀವಕೋಶದೊಳಗೇ ಇರುತ್ತದೆ.

ನಮ್ಮ ಡಿಎನ್‌ಎಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಅಂಟಿಕೊಳ್ಳುತ್ತದೆ. ಒಂದು ಇಂಗಾಲ, ಮೂರು ಜಲಜನಕ, ಅಷ್ಟೇ. ಜೀನ್ ಶುರುವಾಗುವ ಜಾಗದಲ್ಲಿ ಇದು ಒತ್ತಾಗಿ ಅಂಟಿದರೆ ಆ ಜೀನ್ ಕೆಲಸ ನಿಲ್ಲಿಸಿಬಿಡುತ್ತದೆ. ವಿಶ್ವೇಶ್ವರಯ್ಯ ನಾಲೆ ತುಂಬಿ ಹರಿಯುತ್ತಿದ್ದರೂ ತೂಬು ಮುಚ್ಚಿದ್ದರೆ ಗದ್ದೆಗೆ ನೀರು ಬರೋದಿಲ್ಲ, ಅಲ್ವಾ? ಹಾಗೆ.

ಹೊಟ್ಟೆ ಕ್ಯಾನ್ಸರಿನಲ್ಲಿ ಹೀಗೆ ಮುಚ್ಚಿಹೋಗುವ ಜೀನ್‌ಗಳಲ್ಲಿ ಎಂಎಲ್‌ಎಚ್1 ಒಂದು. ಡಿಎನ್‌ಎ ನಕಲಾಗುವಾಗ ಬರುವ ತಪ್ಪುಗಳನ್ನು ತಿದ್ದುವುದು ಇದರ ಕೆಲಸ. ತಿದ್ದುವವರೇ ಇಲ್ಲದಿದ್ದರೆ ಕೀಮೋ ಏಟಿಗೆ ಆ ಕೋಶ ಬೇಗ ಸಾಯಬೇಕು ಅನ್ನಿಸುತ್ತದೆ. ಆದರೆ ಲ್ಯಾಬಿನಲ್ಲಿ ಕಾಣುವುದು ಉಲ್ಟಾ. ‘ಪೆಟ್ಟು ಬಿದ್ದಿದೆ, ಇನ್ನು ಸಾಯಿ’ ಅಂತ ಕೋಶಕ್ಕೆ ಸುದ್ದಿ ಮುಟ್ಟಿಸುವುದರಲ್ಲೂ ಇದೇ ಜೀನಿನ ಕೈಯಿದೆ. ಅದು ಮುಚ್ಚಿದರೆ ಸುದ್ದಿ ಮುಟ್ಟುವುದಿಲ್ಲ. ಸಿಸ್‌ಪ್ಲಾಟಿನ್, 5-ಎಫ್‌ಯು ಎಂಬ ಕೀಮೋ ಔಷಧಿಗಳು ಬಿದ್ದರೂ ಕೋಶ ಬೆಳೆಯುತ್ತಲೇ ಇರುತ್ತದೆ. ಹಾಗಂತ ಎದೆಗುಂದಬೇಡಿ. ಇಂಥ ಗಡ್ಡೆಯಲ್ಲಿ ತಪ್ಪುಗಳು ರಾಶಿ ಬೀಳುತ್ತವೆ, ರೋಗನಿರೋಧಕ ಕೋಶಗಳಿಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಆ ನಿರೋಧಕ ಕೋಶಗಳನ್ನೇ ಗಡ್ಡೆಯ ಮೇಲೆ ಛೂ ಬಿಡುವ ಪೆಂಬ್ರೊಲಿಜುಮಾಬ್‌ನಂಥ ಇಮ್ಯುನೊಥೆರಪಿ ಇಂಥ ಗಡ್ಡೆ ಇರುವವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಲೆ ಮಾತ್ರ ಜಾಸ್ತಿ, ನಿಜ.

ಸಿಎಚ್‌ಎಫ್‌ಆರ್ ಅಂತ ಇನ್ನೊಂದು ಜೀನ್ ಇದೆ. ಅದು ಮುಚ್ಚಿದ ಕೋಶಗಳು ಪ್ಯಾಕ್ಲಿಟಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿಗೆ ಬೇಗ ಬಗ್ಗುತ್ತವೆ ಅಂತ ಲ್ಯಾಬಿನಲ್ಲಿ ಕಂಡಿದ್ದಾರೆ. ರೋಗಿಗಳಲ್ಲಿ ಫಲಿತಾಂಶ ಒಂದೇ ಥರ ಬಂದಿಲ್ಲ. ಅದನ್ನು ನಂಬಿ ಔಷಧಿ ಬದಲಿಸುವ ಕಾಲ ಇನ್ನೂ ಬಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮೀಥೈಲ್ ಹೀಗೆ ಅತಿಯಾಗಿ ಅಂಟುವುದಕ್ಕೆ ಹೊಟ್ಟೆಯಲ್ಲಿ ಬೀಡುಬಿಡುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ತರುವ ಹಳೇ ಉರಿಯೂತವೂ ಒಂದು ಕಾರಣ. ಈ ಬ್ಯಾಕ್ಟೀರಿಯಾ ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ನಾವು ಮಾತ್ರ ಇನ್ನೂ ‘ಗ್ಯಾಸ್ಟ್ರಿಕ್’ ಅಂತ ಸೋಡಾ ಕುಡಿದು ತಿಂಗಳುಗಟ್ಟಲೆ ತಳ್ಳುತ್ತೇವೆ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗಾದರೆ ಎಂಡೋಸ್ಕೋಪಿ, ಅಂದರೆ ಬಾಯಿಂದ ಟ್ಯೂಬು ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆ, ಮಾಡಿಸಿ.

ಕಾಯಿಲೆ ಆಗಲೇ ಮುಂದುವರಿದಿದ್ದರೆ, ಮೊದಲ ಕೀಮೋಗೆ ಮುಂಚೆಯೇ ‘ಎಂಎಸ್‌ಐ ಪರೀಕ್ಷೆ ಆಗಿದೆಯಾ, ಹರ್2 ನೋಡಿದ್ದೀರಾ’ ಅಂತ ಡಾಕ್ಟರನ್ನು ಕೇಳಿ. ಎಂಎಲ್‌ಎಚ್1 ಮಾಡುವಂಥ ಆ ತಿದ್ದುವ ಕೆಲಸ ಗಡ್ಡೆಯಲ್ಲಿ ನಿಂತಿದೆಯಾ ಅಂತ ತೋರಿಸುವುದು ಎಂಎಸ್‌ಐ ಪರೀಕ್ಷೆ; ಹರ್2 ಅಂದರೆ ಕೆಲವು ಗಡ್ಡೆಗಳಲ್ಲಿ ಹೆಚ್ಚಾಗಿರುವ, ಔಷಧಿ ಗುರಿಯಿಡುವ ಒಂದು ಪ್ರೋಟೀನು. ಗಡ್ಡೆಯಿಂದ ಪರೀಕ್ಷೆಗೆಂದು ತೆಗೆದ ಬಯಾಪ್ಸಿ ತುಂಡನ್ನು ಮೇಣದಲ್ಲಿ ಕೂರಿಸಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಅದರಲ್ಲೇ ಪರೀಕ್ಷೆ ಆಗುತ್ತದೆ, ಇನ್ನೊಮ್ಮೆ ಟ್ಯೂಬು ನುಂಗಬೇಕಾಗಿಲ್ಲ.

ನಮಸ್ಕಾರ.