ಒಂದು ತಟ್ಟೆ, ಎರಡು ಮುಖ: ಬೀ ಜೀಸ್ ತಂಡದ ‘ಮೇನ್ ಕೋರ್ಸ್’

ಕೇಳುಗರಿಗೆ ನಮಸ್ಕಾರ.

ಮೂವರು ಗಿಬ್ ಸಹೋದರರ ಪಾಪ್ ತಂಡವಾದ ಬೀ ಜೀಸ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು 1977ರ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರ, ಬಿಳಿ ಸೂಟು ತೊಟ್ಟು ಕುಣಿಯುವ ಜಾನ್ ಟ್ರವೋಲ್ಟಾ, ಮತ್ತು ಡಿಸ್ಕೊ. ಆ ಚಿತ್ರಕ್ಕಾಗಿಯೇ ಈ ಸಹೋದರರು ತಮ್ಮ ಹಾಡಿನ ರೀತಿಯನ್ನು ಬದಲಿಸಿಕೊಂಡರು ಎಂಬ ಮಾತು ಈಗಲೂ ಕೇಳಿಬರುತ್ತದೆ. ವಾಸ್ತವದಲ್ಲಿ ಆ ಬದಲಾವಣೆ ಚಿತ್ರಕ್ಕಿಂತ ಎರಡು ವರ್ಷ ಮೊದಲೇ, 1975ರಲ್ಲಿ, ‘ಮೇನ್ ಕೋರ್ಸ್’ ಎಂಬ ಆಲ್ಬಮ್ಮಿನಲ್ಲಿ ಆಗಿಹೋಗಿತ್ತು. ಅಲ್ಲಿ ಆದದ್ದು ಹಳೆಯದನ್ನು ಕಿತ್ತೆಸೆದು ಹೊಸದನ್ನು ತಂದು ನಿಲ್ಲಿಸುವ ಕೆಲಸವಲ್ಲ. ಇದ್ದ ಕಂಠಗಳನ್ನು ಉಳಿಸಿಕೊಂಡು, ಅವುಗಳ ಕೆಳಗಿನ ಲಯವನ್ನು ಬದಲಿಸಿ, ಅವುಗಳಲ್ಲೇ ಅಡಗಿದ್ದ ಹೊಸ ದನಿಯೊಂದನ್ನು ಕಂಡುಕೊಂಡ ಕೆಲಸ. ಈ ಹೊತ್ತು ಆ ಆಲ್ಬಮ್ಮಿನ ಬಗ್ಗೆ ಮಾತನಾಡುತ್ತೇನೆ.

ಬ್ಯಾರಿ ಗಿಬ್ ಮತ್ತು ಅವನ ಅವಳಿ ತಮ್ಮಂದಿರಾದ ರಾಬಿನ್ ಹಾಗೂ ಮಾರಿಸ್ ಹುಟ್ಟಿದ್ದು ಐಲ್ ಆಫ್ ಮ್ಯಾನ್ ದ್ವೀಪದಲ್ಲಿ. ಸ್ವಲ್ಪ ಕಾಲ ಮ್ಯಾಂಚೆಸ್ಟರಿನಲ್ಲಿದ್ದು, 1958ರಲ್ಲಿ ಕುಟುಂಬದೊಡನೆ ಆಸ್ಟ್ರೇಲಿಯಕ್ಕೆ ಹೋದ ಹುಡುಗರು ಅಲ್ಲಿ ಹಾಡಿ ಪಳಗಿ, 1967ರ ಮೊದಲಲ್ಲಿ ಇಂಗ್ಲೆಂಡಿಗೆ ಮರಳಿದರು. ರಾಬರ್ಟ್ ಸ್ಟಿಗ್‌ವುಡ್ ಅವರ ವ್ಯವಸ್ಥಾಪಕನಾದ. ‘ಟು ಲವ್ ಸಮ್‌ಬಡಿ’, ‘ಮ್ಯಾಸಚೂಸೆಟ್ಸ್’, ‘ವರ್ಡ್ಸ್’ ಮುಂತಾದ ಹಾಡುಗಳು ಒಂದರ ಹಿಂದೊಂದು ಬಂದವು. ಪಿಟೀಲುಗಳ ವಾದ್ಯವೃಂದ, ವಿಷಾದದ ಛಾಯೆ, ನಡುಗುವ ರಾಬಿನ್ನನ ದನಿ, ಉಸಿರು ಬೆರೆತ ಬ್ಯಾರಿಯ ದನಿ, ಎರಡನ್ನೂ ಬೆಸೆಯುವ ಮಾರಿಸ್: ಇದು ಅವರ ಗುರುತಾಗಿತ್ತು. 1969ರಲ್ಲಿ ರಾಬಿನ್ ಮುನಿಸಿಕೊಂಡು ಹೊರಹೋದ, ಮರುವರ್ಷ ಹಿಂದಿರುಗಿದ. 1971ರಲ್ಲಿ ಒಂದು ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೂ ಏರಿತು. ಆಮೇಲಿನದು ಇಳಿಜಾರು.

ಆ ಇಳಿಜಾರು ಎಷ್ಟು ಕಡಿದಾಗಿತ್ತೆಂದರೆ, 1973ರಲ್ಲಿ ಅವರು ಸಿದ್ಧಪಡಿಸಿದ ಒಂದು ಇಡೀ ಆಲ್ಬಮ್ ಬಿಡುಗಡೆಯ ಭಾಗ್ಯವನ್ನೇ ಕಾಣಲಿಲ್ಲ. 1974ರಲ್ಲಿ ಅವರು ಉತ್ತರ ಇಂಗ್ಲೆಂಡಿನ ಬ್ಯಾಟ್ಲಿ ಎಂಬ ಊರಿನ ವೆರೈಟಿ ಕ್ಲಬ್ಬಿನಲ್ಲಿ, ಊಟದ ಮೇಜುಗಳ ಮುಂದೆ ನಿಂತು ತಮ್ಮ ಹಳೆಯ ಹಾಡುಗಳನ್ನೇ ಹಾಡುತ್ತಿದ್ದರು. ಬ್ಯಾರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಅದೇ ವರ್ಷ ಹೊರಬಂದ ‘ಮಿಸ್ಟರ್ ನ್ಯಾಚುರಲ್’ ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯತೆಯ ಪಟ್ಟಿಯಲ್ಲಿ 178ನೆಯ ಸ್ಥಾನವನ್ನು ದಾಟಲಿಲ್ಲ. ಆದರೆ ಸೋತ ಆ ಆಲ್ಬಮ್ ಅವರಿಗೆ ಒಬ್ಬ ಮನುಷ್ಯನನ್ನು ದೊರಕಿಸಿಕೊಟ್ಟಿತ್ತು.

ಆತ ಆ ಆಲ್ಬಮ್ಮಿನ ನಿರ್ಮಾಪಕ ಆರಿಫ್ ಮಾರ್ಡಿನ್. 1932ರಲ್ಲಿ ಇಸ್ತಾಂಬುಲ್ಲಿನಲ್ಲಿ ಹುಟ್ಟಿ, ಜಾಝ್ ಸಂಗೀತದ ಮೋಹದಿಂದ ಅಮೆರಿಕಕ್ಕೆ ಬಂದು, ಬಾಸ್ಟನ್ನಿನ ಬರ್ಕ್ಲೀ ಸಂಗೀತ ಶಾಲೆಯಲ್ಲಿ ಕಲಿತು, ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆಯಲ್ಲಿ ಗಾಯಕಿ ಅರೀಥಾ ಫ್ರ್ಯಾಂಕ್ಲಿನ್ ಅಂಥವರ ಧ್ವನಿಮುದ್ರಣಗಳಲ್ಲಿ ದುಡಿದವನು. ಕಪ್ಪು ಅಮೆರಿಕನ್ನರ ರಿದಮ್ ಅಂಡ್ ಬ್ಲೂಸ್ ಮತ್ತು ಸೋಲ್ ಸಂಗೀತ ಅವನ ಕೈಯಲ್ಲಿ ಪಳಗಿದ್ದವು. ಇಂಗ್ಲಿಷ್ ಪಾಪ್ ಹಾಡುಗಾರರಿಗೆ ಈ ಸಂಗೀತವನ್ನು ಕಲಿಸಿದವನು ತುರ್ಕಿಯವನು ಎಂಬುದು ಸಂಗೀತಕ್ಕೆ ಪಾಸ್‌ಪೋರ್ಟು ಕೇಳುವವರು ಗಮನಿಸಬೇಕಾದ ಸಂಗತಿ.

ಜಾಗ ಬದಲಿಸಿ ಎಂಬ ಸಲಹೆ ಬಂದದ್ದು ಇಂಗ್ಲಿಷ್ ಗಿಟಾರ್ ವಾದಕ ಎರಿಕ್ ಕ್ಲ್ಯಾಪ್ಟನ್ ಕಡೆಯಿಂದ. ಅವನಿಗೂ ಸ್ಟಿಗ್‌ವುಡ್ಡನೇ ವ್ಯವಸ್ಥಾಪಕ. ಫ್ಲಾರಿಡಾದ ಮಯಾಮಿಯ ಕ್ರೈಟೀರಿಯಾ ಸ್ಟುಡಿಯೊದಲ್ಲಿ ಹಾಡಿ ಅವನು ಚೇತರಿಸಿಕೊಂಡಿದ್ದ. ಅಲ್ಲಿ ತಾನು ತಂಗಿದ್ದ ಮನೆಯ ವಿಳಾಸವನ್ನೇ, ‘461 ಓಷನ್ ಬುಲೆವಾರ್ಡ್’ ಎಂದು, ತನ್ನ ಆಲ್ಬಮ್ಮಿಗೆ ಹೆಸರಾಗಿ ಇಟ್ಟಿದ್ದ. 1975ರ ಜನವರಿಯಲ್ಲಿ ಗಿಬ್ ಸಹೋದರರು ಅದೇ ಮನೆಗೆ ಬಂದಿಳಿದರು. ಜೊತೆಗೆ ಗಿಟಾರಿಗೆ ಆಲನ್ ಕೆಂಡಲ್, ಡ್ರಮ್ಮಿಗೆ ಡೆನಿಸ್ ಬ್ರೈಯನ್, ಕೀಬೋರ್ಡಿಗೆ ಬ್ಲೂ ವೀವರ್ ಇದ್ದರು. ಮೊದಲು ಅವರು ಮುದ್ರಿಸಿದ್ದು ಎಂದಿನಂಥ ನಿಧಾನಗತಿಯ ಹಾಡುಗಳನ್ನೇ. ಮಾರ್ಡಿನ್ ಅವರನ್ನು ತಡೆದು, ಅಮೆರಿಕದ ರೇಡಿಯೊದಲ್ಲಿ ಈಗ ಏನು ಕೇಳಿಬರುತ್ತಿದೆ, ಸೋಲ್ ಗಾಯಕ ಸ್ಟೀವಿ ವಂಡರ್ ಏನು ಮಾಡುತ್ತಿದ್ದಾನೆ ಎಂಬುದಕ್ಕೆ ಕಿವಿಗೊಡಿ ಎಂದ.

ಕಿವಿ ತೆರೆದ ಮೇಲೆ ಲಯ ಎಲ್ಲೆಂದರಲ್ಲಿ ಸಿಕ್ಕಿತು. ಸ್ಟುಡಿಯೊಗೆ ಹೋಗುವ ದಾರಿಯಲ್ಲಿ ಬಿಸ್ಕೇನ್ ಕೊಲ್ಲಿಯ ಒಂದು ಸೇತುವೆಯನ್ನು ದಾಟುವಾಗ ಕಾರಿನ ಚಕ್ರಗಳು ಎಡೆಬಿಡದೆ ಟಕಟಕನೆ ಸದ್ದು ಮಾಡುತ್ತಿದ್ದುದನ್ನು ಬ್ಯಾರಿಯ ಪತ್ನಿ ಗಮನಕ್ಕೆ ತಂದಳು. ಆ ಸದ್ದಿನ ಮೇಲೆಯೇ ‘ಜೈವ್ ಟಾಕಿನ್’ ಎಂಬ ಹಾಡು ಕಟ್ಟಿಕೊಂಡಿತು. ಅದರ ಮೊದಲಲ್ಲಿ ಗೀರುವಂತೆ ಬರುವ ಗಿಟಾರ್, ಕೆಳಗಿನಿಂದ ಉರುಳುತ್ತಾ ಬರುವ ಸಿಂಥಸೈಸರ್ ಎಂಬ ವಿದ್ಯುನ್ಮಾನ ವಾದ್ಯದ ಮಂದ್ರಸ್ವರದ ಬಾಸ್, ಇವುಗಳ ನಡುವೆ ಪಿಟೀಲುಗಳಿಗೆ ಎಡೆಯೇ ಇಲ್ಲ. ವಾದ್ಯವೃಂದದ ಮೇಲೆ ತೇಲುತ್ತಿದ್ದ ಅದೇ ಮೂರು ಕಂಠಗಳು ಇಲ್ಲಿ ತಾಳವಾದ್ಯಗಳಂತೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಬಡಿದುಕೊಳ್ಳುತ್ತವೆ.

ಇನ್ನೂ ದೊಡ್ಡ ಸಂಗತಿ ನಡೆದದ್ದು ‘ನೈಟ್ಸ್ ಆನ್ ಬ್ರಾಡ್‌ವೇ’ ಎಂಬ ಹಾಡಿನಲ್ಲಿ. ಹಾಡಿನ ಕೊನೆಯ ಭಾಗದಲ್ಲಿ ಹಿನ್ನೆಲೆಗೆ ಯಾರಾದರೂ ಶ್ರುತಿ ಬಿಡದೆ ಕಿರುಚಲು ಸಾಧ್ಯವೇ ಎಂದು ಮಾರ್ಡಿನ್ ಕೇಳಿದ. ಬ್ಯಾರಿ ಮೈಕಿನ ಮುಂದೆ ನಿಂತು ಪ್ರಯತ್ನಿಸಿದಾಗ, ಅವನಿಗೇ ತನ್ನಲ್ಲಿದೆಯೆಂದು ಗೊತ್ತಿಲ್ಲದಿದ್ದ ಒಂದು ತಾರಸ್ಥಾಯಿಯ ದನಿ ಹೊರಬಂತು. ಪಾಶ್ಚಾತ್ಯರು ಇದನ್ನು ಫಾಲ್ಸೆಟ್ಟೊ ಎನ್ನುತ್ತಾರೆ. ನಮ್ಮ ಸಂಗೀತದ ಗುರುಗಳು ಕಳ್ಳದನಿ ಎಂದು ಶಿಷ್ಯರನ್ನು ಗದರುವಂಥದ್ದು, ಅಮೆರಿಕದ ಸೋಲ್ ಸಂಗೀತದಲ್ಲಿ ಗೌರವದ ಕಲೆ. ಮುಂದೆ ಇಡೀ ಜಗತ್ತಿಗೆ ಬೀ ಜೀಸ್ ಎಂದರೆ ಈ ದನಿಯೇ ಆಯಿತು. ಆದರೆ ಈ ಆಲ್ಬಮ್ಮಿನ ಮೊದಲ ಹಾಡಾದ ‘ನೈಟ್ಸ್ ಆನ್ ಬ್ರಾಡ್‌ವೇ’ಯಲ್ಲಿ ಅದು ಕೊನೆಯಲ್ಲಷ್ಟೇ, ಬಾಗಿಲ ಮರೆಯಲ್ಲಿ ನಿಂತಂತೆ ಕೇಳಿಸುತ್ತದೆ. ಆ ಹಾಡಿನ ನಡುವೆ ಲಯ ಹಠಾತ್ತನೆ ಇಳಿದು, ಹಳೆಯ ಬೀ ಜೀಸರ ವಿಷಾದದ ನಿಧಾನಗತಿ ಕೆಲವು ಕ್ಷಣ ಮರಳಿ ಬರುವುದನ್ನೂ ಗಮನವಿಟ್ಟು ಕೇಳಬೇಕು. ಒಂದೇ ಹಾಡಿನೊಳಗೆ ಎರಡು ಕಾಲಗಳು ಹೀಗೆ ಅಕ್ಕಪಕ್ಕ ಕುಳಿತಿರುವುದು ಅಪರೂಪ.

ಇಡೀ ಗ್ರಾಮಫೋನ್ ತಟ್ಟೆಯ ರಚನೆಯೂ ಹಾಗೆಯೇ ಇದೆ. ಹತ್ತು ಹಾಡುಗಳಲ್ಲಿ ಮೊದಲ ಮುಖದ ಐದು, ‘ಸಾಂಗ್‌ಬರ್ಡ್’ ಒಂದನ್ನು ಬಿಟ್ಟರೆ, ಹೊಸ ದಾರಿಯವು. ಈ ಮುಖದ ಕೊನೆಯಲ್ಲಿರುವ ‘ಫ್ಯಾನಿ’ ನಿಧಾನಗತಿಯದಾದರೂ, ಪದರ ಪದರವಾಗಿ ಏರುವ ಅದರ ಕಂಠಮೇಳ ಹೊಸ ರೀತಿಯ ಸೋಲ್ ಸಂಗೀತದ್ದು. ತಟ್ಟೆಯನ್ನು ತಿರುಗಿಸಿದರೆ ಬೇರೆಯದೇ ಹವೆ. ‘ಕಂಟ್ರಿ ಲೇನ್ಸ್’ನಲ್ಲಿ ರಾಬಿನ್ 1968ರಿಂದ ನೇರವಾಗಿ ಎದ್ದುಬಂದವನಂತೆ ಹಾಡುತ್ತಾನೆ. ‘ಕಮ್ ಆನ್ ಓವರ್’ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಧಾಟಿಯದು. ಮರುವರ್ಷ ಗಾಯಕಿ ಒಲಿವಿಯಾ ನ್ಯೂಟನ್-ಜಾನ್ ಅದನ್ನು ಹಾಡಿ ತನ್ನ ಆಲ್ಬಮ್ಮಿಗೂ ಅದೇ ಹೆಸರಿಟ್ಟಳು. ‘ಆಲ್ ದಿಸ್ ಮೇಕಿಂಗ್ ಲವ್’ ನನಗೆ ಅಷ್ಟಾಗಿ ಹಿಡಿಸದ, ನಾಟಕೀಯತೆ ಅತಿಯಾದ ಹಾಡು. ಎರಡನೆಯ ಮುಖ ಸಡಿಲವಾಗಿದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ, ಆದರೂ ಅದನ್ನು ಕಳೆದುಕೊಳ್ಳಲು ಇಷ್ಟಪಡುವುದಿಲ್ಲ. ಬದಲಾಗುತ್ತಿರುವ ತಂಡವೊಂದು ತನ್ನ ಹಿಂಜರಿಕೆಯನ್ನು ಮುಚ್ಚಿಡದೆ ಕೇಳುಗರ ಮುಂದಿಟ್ಟದ್ದು ಅಲ್ಲಿಯೇ.

ಹಾಡುಗಳು ಸಿದ್ಧವಾದರೂ ರೇಡಿಯೊ ಕೇಂದ್ರಗಳು ಅವನ್ನು ಹಾಕಬೇಕಲ್ಲ. ಬೀ ಜೀಸ್ ಎಂಬ ಹೆಸರು ಕಂಡರೆ, ಮುಗಿದ ತಂಡವೆಂದು ಪಕ್ಕಕ್ಕಿಡುವ ಭಯವಿತ್ತು. ಆದುದರಿಂದ ‘ಜೈವ್ ಟಾಕಿನ್’ ಮುದ್ರಿಕೆಯನ್ನು ಹಾಡಿದವರ ಹೆಸರನ್ನೇ ನಮೂದಿಸದೆ ಪ್ರಸಾರಕರಿಗೆ ಕಳುಹಿಸಲಾಯಿತು. ಹೆಸರು ತಿಳಿಯದೆ ಕೇಳಿದವರು ಮೆಚ್ಚಿದರು. 1975ರ ಆಗಸ್ಟಿನಲ್ಲಿ ಅದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೂ, ಬ್ರಿಟನ್ನಿನಲ್ಲಿ ಐದನೆಯ ಸ್ಥಾನಕ್ಕೂ ಏರಿತು. ‘ನೈಟ್ಸ್ ಆನ್ ಬ್ರಾಡ್‌ವೇ’ ಅಮೆರಿಕದಲ್ಲಿ ಏಳನೆಯ ಸ್ಥಾನ ಪಡೆಯಿತು, ಆಲ್ಬಮ್ 14ನೆಯ ಸ್ಥಾನ ಮುಟ್ಟಿತು. ಹಿಂದಿನ ವರ್ಷದ 178ರ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಬೇಕು.

ಗೆಲುವಿನ ಬೆನ್ನಲ್ಲೇ ಒಂದು ತೊಡಕು ಬಂತು. ಸ್ಟಿಗ್‌ವುಡ್ಡನ ಆರ್‌ಎಸ್‌ಒ ಧ್ವನಿಮುದ್ರಣ ಸಂಸ್ಥೆ ಅಟ್ಲಾಂಟಿಕ್‌ನೊಡನೆ ಇದ್ದ ಒಪ್ಪಂದದಿಂದ ಹೊರಬಂದುದರಿಂದ, ಅಟ್ಲಾಂಟಿಕ್‌ನವನಾದ ಮಾರ್ಡಿನ್ ಮುಂದಿನ ಆಲ್ಬಮ್ಮಿಗೆ ಸಿಗಲಿಲ್ಲ. ಸಹೋದರರು ಮತ್ತೆ ಕ್ರೈಟೀರಿಯಾಕ್ಕೇ ಹೋಗಿ, ಅಲ್ಲಿನ ಶಬ್ದತಂತ್ರಜ್ಞ ಕಾರ್ಲ್ ರಿಚರ್ಡ್‌ಸನ್ ಮತ್ತು ಸಂಗೀತ ಬಲ್ಲ ಆಲ್ಬಿ ಗಲೂಟನ್ ಇಬ್ಬರನ್ನೂ ಜೊತೆಗಿಟ್ಟುಕೊಂಡು, ಕಲಿತ ಪಾಠವನ್ನು ತಾವೇ ಮುಂದುವರಿಸಿದರು. 1976ರ ‘ಯೂ ಶುಡ್ ಬಿ ಡ್ಯಾನ್ಸಿಂಗ್’ ಹಾಡಿನಲ್ಲಿ, ಹಿಂದಿನ ವರ್ಷ ‘ನೈಟ್ಸ್ ಆನ್ ಬ್ರಾಡ್‌ವೇ’ಯ ಕೊನೆಯಲ್ಲಷ್ಟೇ ಇಣುಕಿದ್ದ ಆ ತಾರಸ್ಥಾಯಿಯ ದನಿ ಮೊದಲ ಸಾಲಿನಿಂದಲೇ ಮುನ್ನೆಲೆಗೆ ಬಂತು. ಮರುವರ್ಷ ಸ್ಟಿಗ್‌ವುಡ್ ತನ್ನ ‘ಸ್ಯಾಟರ್ಡೇ ನೈಟ್ ಫೀವರ್’ ಚಿತ್ರಕ್ಕೆ ಹಾಡು ಬೇಕೆಂದಾಗ ಅವರು ರೀತಿ ಬದಲಿಸಬೇಕಾಗಿ ಬರಲಿಲ್ಲ. ಹೊಸದಾಗಿ ಬರೆದ ಹಾಡುಗಳ ಜೊತೆಗೆ ಚಿತ್ರದ ಧ್ವನಿಮುದ್ರಿಕೆಯಲ್ಲಿ ‘ಜೈವ್ ಟಾಕಿನ್’ ಕೂಡ ಸೇರಿತು, ಅದು ಎರಡು ವರ್ಷ ಹಳೆಯದೆಂದು ಕಿವಿಗೆ ಅನ್ನಿಸುವುದೇ ಇಲ್ಲ.

ನಮಸ್ಕಾರ.