ಕ್ವೆರಿಗೆ, ಅಂದರೆ ಡೇಟಾಬೇಸ್‌ಗೆ ಕೇಳಿದ ಪ್ರಶ್ನೆಗೆ, ಒಂದು ದಾಖಲೆಯೂ ಸಿಗಲಿಲ್ಲ ಎಂದು ತಿಳಿಯುವುದು ಹೇಗೆ?

[ಪರದೆ: ಗ್ರಂಥಾಲಯದ ಸದಸ್ಯರ ಪುಟ. ಪಟ್ಟಿಯಲ್ಲೇ ಇಲ್ಲದ ಸದಸ್ಯತ್ವ ಸಂಖ್ಯೆ ಕೊಟ್ಟರೂ "ಸ್ವಾಗತ" ಎಂದು ಮೂಡುತ್ತದೆ.]

ನಮಸ್ಕಾರ. ಈ ಸಂಖ್ಯೆಯ ಸದಸ್ಯರೇ ಇಲ್ಲ. ಆದರೂ ಪುಟ ಸ್ವಾಗತ ಕೋರಿತು. ಏಕೆ?

[ಪರದೆ: ಪಿಎಚ್‌ಪಿ ಕೋಡ್. ಇಫ್ ಇರುವ ಸಾಲಿಗೆ ಹಳದಿ ಬಣ್ಣ.]

ಇಲ್ಲಿ ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಮೈಎಸ್‌ಕ್ಯೂಎಲ್‌ಐ ಮೂಲಕ, ದಾಖಲೆ ಹುಡುಕುವ ಸೆಲೆಕ್ಟ್ ಕ್ವೆರಿ ಕಳುಹಿಸಿ, ಬಂದ ರಿಸಲ್ಟ್ ಅನ್ನು ನೇರವಾಗಿ ಇಫ್ ಷರತ್ತಿಗೆ ಕೊಡಲಾಗಿದೆ. ಕ್ವೆರಿಯಲ್ಲಿ ದೋಷವಿಲ್ಲದಿದ್ದರೆ ರಿಸಲ್ಟ್ ಆಬ್ಜೆಕ್ಟ್ ಬಂದೇ ಬರುತ್ತದೆ, ಅದರಲ್ಲಿ ಒಂದು ಸಾಲೂ ಇಲ್ಲದಿರಬಹುದು. ಆದರೂ ಇಫ್ ಅದನ್ನು "ಹೌದು" ಎಂದೇ ಎಣಿಸುತ್ತದೆ. ಲಕೋಟೆ ಕೈಸೇರಿದ ಮಾತ್ರಕ್ಕೆ ಒಳಗೆ ಕಾಗದವಿದೆ ಎಂದು ಹೇಳಲಾಗದು.

ಆದ್ದರಿಂದ ಮೊದಲ ಸಾಲನ್ನೇ ಕೇಳಿ. ಮೈಎಸ್‌ಕ್ಯೂಎಲ್‌ಐಯ ಒಂದು ಸಾಲು ತರುವ ಫೆಚ್ ಅಸೋಕ್, ಸಾಲು ಇಲ್ಲದಿದ್ದರೆ ನಲ್, ಅಂದರೆ "ಬೆಲೆಯೇ ಇಲ್ಲ" ಎಂಬ ಗುರುತು, ಕೊಡುತ್ತದೆ. ಪಿಎಚ್‌ಪಿಯ ಇನ್ನೊಂದು ಡೇಟಾಬೇಸ್ ಸಾಧನವಾದ ಪಿಡಿಒದ ಫೆಚ್ ಫಾಲ್ಸ್ ಕೊಡುತ್ತದೆ, ಪೈಥಾನ್‌ನ ಫೆಚ್‌ವನ್ ನನ್ (None) ಕೊಡುತ್ತದೆ. ಪೈಥಾನ್‌ನಲ್ಲಿ ಎಸ್‌ಕ್ಯೂಲೈಟ್ ಬಳಸುವವರು ಸಾಲುಗಳ ಸಂಖ್ಯೆ ಹೇಳಬೇಕಾದ ರೋಕೌಂಟ್ ನಂಬಬೇಡಿ: ಸೆಲೆಕ್ಟ್‌ಗೆ ಅದು ಯಾವಾಗಲೂ -1.

[ಪರದೆ: ಕೌಂಟ್ ಕ್ವೆರಿ, ಕೆಳಗೆ ಫಲಿತಾಂಶ: 0]

"ಸಾಲುಗಳನ್ನು ಎಣಿಸುವ ಕೌಂಟ್ ಹಾಕಿದರೆ ಸಾಲದೇ?" ಎಂದು ಕೇಳುತ್ತೀರಿ. ಹಾಕಬಹುದು, ಆದರೆ ಗಮನವಿಟ್ಟು ನೋಡಿ. ಸಾಲುಗಳನ್ನು ಗುಂಪು ಮಾಡುವ ಗ್ರೂಪ್ ಬೈ ಇಲ್ಲದ ಕೌಂಟ್, ಏನೂ ಸಿಗದಿದ್ದಾಗಲೂ ಒಂದು ಸಾಲು ಕೊಡುತ್ತದೆ. ಅದರೊಳಗಿನ ಬೆಲೆ 0. ಸಾಲು ಬಂತೇ ಎಂದು ಪರೀಕ್ಷಿಸಿದರೆ ಉತ್ತರ ಸದಾ ಹೌದು. ಸಮ್ ಇನ್ನೂ ವಿಚಿತ್ರ: ಕೂಡಲು ಏನೂ ಇಲ್ಲದಿದ್ದರೆ ಅದು 0 ಅಲ್ಲ, ನಲ್ ಕೊಡುತ್ತದೆ.

ಇದೆಯೋ ಇಲ್ಲವೋ ಎಂಬುದಷ್ಟೇ ಬೇಕಿದ್ದರೆ ನನ್ನ ಆಯ್ಕೆ ಎಕ್ಸಿಸ್ಟ್ಸ್. ಮೊದಲ ಸಾಲು ಸಿಕ್ಕೊಡನೆ ಹುಡುಕಾಟ ನಿಲ್ಲಿಸಬಹುದು. ಕೌಂಟ್ ಆದರೋ, ಷರತ್ತಿಗೆ ಹೊಂದುವ ಸಾಲುಗಳನ್ನೆಲ್ಲ ಎಣಿಸಬೇಕು. ದೊಡ್ಡ ಟೇಬಲ್‌ನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಖಾಲಿ ಫಲಿತಾಂಶ ಬೇರೆ, ದೋಷ ಬೇರೆ. ಸಂಪರ್ಕ ಕಡಿದಾಗ "ಸದಸ್ಯರಿಲ್ಲ" ಎಂದು ತೋರಿಸಿದರೆ, ಸದಸ್ಯತ್ವ ಇರುವವರನ್ನೇ ಬಾಗಿಲಿನಿಂದ ಹಿಂದಕ್ಕೆ ಕಳುಹಿಸಿದಂತೆ. ಪಿಎಚ್‌ಪಿ 8.1ರಿಂದ ಮೈಎಸ್‌ಕ್ಯೂಎಲ್‌ಐ ದೋಷವಾದಾಗ ತಾನಾಗಿಯೇ ಎಕ್ಸೆಪ್ಶನ್, ಅಂದರೆ ದೋಷದ ಸೂಚನೆ, ಎಸೆಯುತ್ತದೆ. ಅದನ್ನು ಹಿಡಿದು ಬೇರೆಯೇ ಸಂದೇಶ ಕೊಡಿ.

[ಪರದೆ: ಒಂದೇ ಕ್ಷಣದಲ್ಲಿ ಎರಡು ನೋಂದಣಿ ಅರ್ಜಿಗಳು]

ಹೊಸ ಸದಸ್ಯರನ್ನು ಸೇರಿಸುವಾಗ "ಇಲ್ಲ" ಎಂಬ ಉತ್ತರವೊಂದನ್ನೇ ನೆಚ್ಚಿಕೊಳ್ಳಬೇಡಿ. ಒಂದೇ ಸಂಖ್ಯೆಗೆ ಎರಡು ಅರ್ಜಿಗಳು ಒಟ್ಟಿಗೆ ಬಂದರೆ ಎರಡಕ್ಕೂ "ಇಲ್ಲ" ಎಂದೇ ಕಾಣಿಸಿ, ಎರಡೂ ಒಳಸೇರಬಹುದು. ಆ ಕಾಲಮ್‌ಗೆ ಒಂದೇ ಬೆಲೆ ಎರಡು ಬಾರಿ ಬರಬಾರದು ಎಂಬ ಯೂನಿಕ್ ನಿರ್ಬಂಧ ಹಾಕಿ. ಆಗ ಎರಡನೆಯದನ್ನು ಡೇಟಾಬೇಸೇ ತಡೆಯುತ್ತದೆ.