ಪ್ರಾಸ್ಟೇಟ್ ತೆಗೆದ ಮೇಲಿನ ಒಂದು ವರ್ಷ

ಎಲ್ಲರಿಗೂ ನಮಸ್ಕಾರ.

ಆಪರೇಷನ್‌ಗೆ ದಿನ ಗೊತ್ತಾದವರು ಇಲ್ಲಿದ್ದೀರಿ, ಮಾಡಿಸಿಕೊಂಡು ಮನೆಗೆ ಬಂದವರೂ ಇದ್ದೀರಿ. ಅವರ ಜೊತೆ ಹೆಂಡತಿ, ಮಕ್ಕಳು ಬಂದಿದ್ದೀರಿ. ಜೊತೆಗೆ ಬಂದವರನ್ನು ನೋಡಿ ನನಗೆ ಹೆಚ್ಚು ಸಂತೋಷವಾಯಿತು. ಯಾಕೆಂದು ಮುಂದೆ ಹೇಳುತ್ತೇನೆ. ನಾನು ಮೂತ್ರರೋಗಗಳ ಶಸ್ತ್ರಚಿಕಿತ್ಸಕ. ಥಿಯೇಟರಿನಲ್ಲಿ ಈ ಆಪರೇಷನ್ ಮುಗಿಸಲು ನಮಗೆ ಹಿಡಿಯುವುದು ಮೂರು ನಾಲ್ಕು ಗಂಟೆ. ಅದರಿಂದ ಚೇತರಿಸಿಕೊಳ್ಳಲು ನಿಮಗೆ ಹಿಡಿಯುವುದು ಒಂದು ವರ್ಷ, ಕೆಲವೊಮ್ಮೆ ಎರಡು. ಆ ಮೂರು ಗಂಟೆಯ ಬಗ್ಗೆ ನಾವು ವೈದ್ಯರು ಬೇಕಾದಷ್ಟು ಮಾತಾಡುತ್ತೇವೆ. ಆ ವರ್ಷದ ಬಗ್ಗೆ ಬಾಯಿ ಬಿಡುವುದು ಕಡಿಮೆ. ಇವತ್ತು ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ಮೊದಲು ಒಂದು ಗೊಂದಲ ತೀರಿಸಿಕೊಳ್ಳೋಣ. ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ ಕೂತಿರುತ್ತದೆ. ಯೌವನದಲ್ಲಿ ಅಕ್ರೋಟಿನಷ್ಟು ದಪ್ಪ, ಸುಮಾರು 20 ಗ್ರಾಂ ತೂಕ. ಮಣಿಯೊಳಗೆ ದಾರ ಪೋಣಿಸಿದಂತೆ ಮೂತ್ರನಾಳ ಇದರ ನಡುವೆ ಹಾದು ಹೋಗುತ್ತದೆ. ವಯಸ್ಸಾದಂತೆ ಗ್ರಂಥಿ ಊದಿ ಆ ನಾಳವನ್ನು ಒತ್ತಿದಾಗ ನಾವು ಒಳಗಿನ ತಿರುಳನ್ನಷ್ಟೇ ಕೆರೆದು ತೆಗೆಯುತ್ತೇವೆ. ಕಿತ್ತಳೆಯ ಸಿಪ್ಪೆ ಹಾಗೇ ಇದ್ದು ತೊಳೆ ಮಾತ್ರ ತೆಗೆದಂತೆ. ಅದು ಕ್ಯಾನ್ಸರ್ ಆಪರೇಷನ್ ಅಲ್ಲ. ಕ್ಯಾನ್ಸರ್ ಇದ್ದಾಗ ಇಡೀ ಗ್ರಂಥಿಯನ್ನು ಸಿಪ್ಪೆ ಸಮೇತ, ಹಿಂದಿರುವ ವೀರ್ಯಕೋಶಗಳ ಸಮೇತ ತೆಗೆಯುತ್ತೇವೆ. ಅಗತ್ಯವಿದ್ದರೆ ಅಕ್ಕಪಕ್ಕದ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆಯುತ್ತೇವೆ. ನಡುವೆ ಉಳಿದ ಖಾಲಿ ಜಾಗ ದಾಟಿಸಿ ಮೂತ್ರಕೋಶದ ಬಾಯಿಯನ್ನು ಕೆಳಗೆಳೆದು ಮೂತ್ರನಾಳಕ್ಕೆ ಹೊಲಿಯುತ್ತೇವೆ. "ನನ್ನ ಭಾವನಿಗೂ ಪ್ರಾಸ್ಟೇಟ್ ಆಪರೇಷನ್ ಆಗಿತ್ತು, ವಾರದಲ್ಲಿ ಸರಿಹೋದರು" ಅಂತ ಯಾರಾದರೂ ಹೇಳಿದರೆ, ಯಾವ ಆಪರೇಷನ್ ಅಂತ ಕೇಳಿ. ಎರಡರ ಚೇತರಿಕೆಯೂ ಬೇರೆ ಬೇರೆ. ನನ್ನ ಇವತ್ತಿನ ಮಾತು ಎರಡನೆಯದರದ್ದು.

ಇನ್ನೊಂದು ಮಾತು. ಪ್ರಾಸ್ಟೇಟಿನಲ್ಲಿ ಕ್ಯಾನ್ಸರ್ ಕಂಡ ಕೂಡಲೇ ಎಲ್ಲರೂ ಆಪರೇಷನ್‌ಗೆ ಓಡಬೇಕಿಲ್ಲ. ಬ್ರಿಟನ್ನಿನಲ್ಲಿ 1643 ಗಂಡಸರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್, ಒಂದಕ್ಕೆ ವಿಕಿರಣ, ಮತ್ತೊಂದಕ್ಕೆ ತಪಾಸಣೆ ಮಾಡುತ್ತಾ ಕಾಯುವುದು ಎಂದು ನಿಗದಿ ಮಾಡಿ ನೋಡಿದರು. 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ಮೂರು ಗುಂಪಿನಲ್ಲೂ ನೂರಕ್ಕೆ ಮೂವರ ಆಸುಪಾಸು. ಹಾಗೆಂದು ಎಲ್ಲ ಕ್ಯಾನ್ಸರೂ ಸೌಮ್ಯವಲ್ಲ. ಆಪರೇಷನ್ ಖಂಡಿತ ಬೇಕಾದವರೂ ಇದ್ದಾರೆ. ಆದರೆ ಗ್ರಂಥಿಯೊಳಗೇ ಇರುವ ಕಾಯಿಲೆಗೆ ಯೋಚನೆ ಮಾಡಲು ನಿಮಗೆ ಕೆಲವು ವಾರಗಳ ಬಿಡುವು ಸಾಮಾನ್ಯವಾಗಿ ಇರುತ್ತದೆ. ಎರಡನೇ ವೈದ್ಯರನ್ನು ಕೇಳಿದರೆ ಮೊದಲನೆಯವರು ಬೇಸರ ಮಾಡಿಕೊಳ್ಳಬಾರದು. ನಾನಂತೂ ಮಾಡಿಕೊಳ್ಳುವುದಿಲ್ಲ.

ರೋಬೋಟ್ ಒಳ್ಳೆಯದೋ, ಹೊಟ್ಟೆ ಕೊಯ್ದು ಮಾಡುವುದು ಒಳ್ಳೆಯದೋ ಎಂಬುದು ನನಗೆ ಬರುವ ಮೊದಲ ಪ್ರಶ್ನೆ. ರೋಬೋಟಿನಲ್ಲಿ ಗಾಯ ಸಣ್ಣದು, ರಕ್ತ ಹೋಗುವುದು ಕಡಿಮೆ, ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು. ಇದು ನಿಜ. ಆದರೆ ಆಸ್ಟ್ರೇಲಿಯಾದಲ್ಲಿ ಎರಡನ್ನೂ ಎದುರುಬದುರು ಇಟ್ಟು ಪರೀಕ್ಷಿಸಿದಾಗ, ಎರಡು ವರ್ಷದ ನಂತರ ಮೂತ್ರದ ಹಿಡಿತದಲ್ಲಾಗಲಿ ಲೈಂಗಿಕ ಶಕ್ತಿಯಲ್ಲಾಗಲಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಯಂತ್ರ ಯಾವುದೆಂದು ಕೇಳುವ ಜೊತೆಗೆ, ಅದನ್ನು ಹಿಡಿದ ಕೈ ಈ ಆಪರೇಷನ್ ಎಷ್ಟು ಸಲ ಮಾಡಿದೆ ಅಂತಲೂ ಕೇಳಿ. ಸಂಕೋಚ ಬೇಡ.

ಈಗ ಆಪರೇಷನ್ ಆಯಿತು ಅಂದುಕೊಳ್ಳಿ. ಎಚ್ಚರವಾದಾಗ ಮೂತ್ರದ ದಾರಿಯಲ್ಲಿ ಕ್ಯಾತಿಟರ್ ಇರುತ್ತದೆ, ತೊಡೆಗೆ ಒಂದು ಚೀಲ. ಒಳಗಿನ ಹೊಲಿಗೆ ಕೂಡಿಕೊಳ್ಳುವವರೆಗೆ ಆ ನಳಿಗೆ ಇರಲೇಬೇಕು, ಸಾಮಾನ್ಯವಾಗಿ ಒಂದರಿಂದ ಎರಡು ವಾರ. ರೋಬೋಟ್ ಅಥವಾ ಲ್ಯಾಪರೊಸ್ಕೋಪಿ ಆಗಿದ್ದರೆ ಹೊಟ್ಟೆಗೆ ತುಂಬಿದ ಗಾಳಿಯಿಂದ ಭುಜ ನೋಯಬಹುದು. ಒಂದೆರಡು ದಿನದಲ್ಲಿ ಕಡಿಮೆಯಾಗುತ್ತದೆ. ವೃಷಣದ ಚೀಲ ಊದಿ ನೀಲಿಗಟ್ಟಿರುವುದನ್ನು ಕಂಡು ಗಾಬರಿ ಬೀಳುವವರೇ ಹೆಚ್ಚು. ನಡೆಯುವಾಗ ಬಿಗಿ ಒಳಉಡುಪು ಹಾಕಿ, ಮಲಗುವಾಗ ಕೆಳಗೆ ಮಡಚಿದ ಟವೆಲ್ ಇಟ್ಟು ಎತ್ತರಿಸಿಕೊಂಡರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಮಲವಿಸರ್ಜನೆಗೆ ತಿಣುಕಿದಾಗ ಚೀಲದಲ್ಲಿ ಮೂತ್ರ ಕೆಂಪಗಾಗುವುದೂ ಉಂಟು, ನೀರು ಕುಡಿದು ಅಡ್ಡಾದರೆ ತಿಳಿಯಾಗುತ್ತದೆ. ಮಲಬದ್ಧತೆ ಆಗದಂತೆ ಕೊಟ್ಟ ಔಷಧಿ ಬಿಡಬೇಡಿ. ಮತ್ತೆ, ವೈದ್ಯರನ್ನು ಕೇಳದೆ ಎನಿಮಾ ತೆಗೆದುಕೊಳ್ಳಬೇಡಿ. ನಾವು ಹೊಲಿದ ಜಾಗಕ್ಕೂ ಗುದನಾಳಕ್ಕೂ ಅಂತರ ತೀರಾ ಕಡಿಮೆ.

ಒಂದು ಮಾತನ್ನು ಬರೆದೇ ಇಟ್ಟುಕೊಳ್ಳಿ. ಗಡುವಿಗೆ ಮುಂಚೆ ಕ್ಯಾತಿಟರ್ ಕಳಚಿ ಬಂದರೆ, ಅಥವಾ ಗಂಟೆಗಟ್ಟಲೆ ಚೀಲಕ್ಕೆ ಮೂತ್ರ ಇಳಿಯದೆ ಹೊಟ್ಟೆ ಬಿಗಿದರೆ, ಹತ್ತಿರದಲ್ಲಿ ಸಿಕ್ಕವರ ಕೈಯಿಂದ ಹೊಸ ನಳಿಗೆ ಹಾಕಿಸಬೇಡಿ. ಕುರುಡಾಗಿ ತಳ್ಳಿದ ನಳಿಗೆ ಹಸಿ ಹೊಲಿಗೆಯನ್ನು ಹರಿದುಬಿಡಬಹುದು. ಆಪರೇಷನ್ ಮಾಡಿದ ತಂಡಕ್ಕೆ ಫೋನ್ ಮಾಡಿ, ಅದು ಅಪರಾತ್ರಿ ಆದರೂ ಸರಿಯೇ. ಮೈ ಸುಟ್ಟು ಚಳಿಜ್ವರ ಬಂದರೆ, ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯತೊಡಗಿದರೆ, ಎದೆ ನೋವು ಬಂದು ಉಸಿರು ಕಟ್ಟಿದಂತಾದರೆ ಫೋನಿಗೂ ಕಾಯದೆ ಆಸ್ಪತ್ರೆಗೆ ಹೊರಡಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂರುವುದೇ ಈ ವಾರಗಳ ದೊಡ್ಡ ಅಪಾಯ. ಮೊದಲ ದಿನದಿಂದಲೇ ನಿಮ್ಮನ್ನು ಎಬ್ಬಿಸಿ ನಡೆಸುವುದು, ಕೆಲವರಿಗೆ ನಾಲ್ಕು ವಾರ ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಡುವುದು ಇದನ್ನು ತಡೆಯಲಿಕ್ಕೇ. ನಡೆಯಿರಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ. ಭಾರ ಎತ್ತುವುದನ್ನು ಮಾತ್ರ ಆರು ವಾರ ಮರೆತುಬಿಡಿ. ತುಂಬಿದ ಬಕೆಟ್ಟೂ ಭಾರವೇ, ಮೊಮ್ಮಗುವೂ ಭಾರವೇ.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಹಿರಿಯರಿಗೆ ಈ ಆಪರೇಷನ್ ಮಾಡಿದ್ದೆ. ಕ್ಯಾನ್ಸರ್ ಪೂರ್ತಿ ಹೊರಬಂದಿತ್ತು, ಅಂಚುಗಳಲ್ಲಿ ಏನೂ ಉಳಿದಿರಲಿಲ್ಲ. ನಾನು ಹೆಮ್ಮೆಯಿಂದಲೇ ಇದ್ದೆ. ಕ್ಯಾತಿಟರ್ ತೆಗೆದ ಬೆಳಿಗ್ಗೆ ಅವರು ಮಂಚದಿಂದ ಇಳಿದು ನಿಂತರು. ಎರಡು ಹೆಜ್ಜೆ ಇಟ್ಟಿದ್ದರು, ಅಷ್ಟರಲ್ಲಿ ಪೈಜಾಮದ ಮುಂಭಾಗ ಮಂಡಿಯವರೆಗೂ ಒದ್ದೆ. ಅವರು ಕೆಳಗೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಗೋಡೆಯ ಮೇಲಿದ್ದ ಸ್ವಿಚ್ ಬೋರ್ಡನ್ನೇ ನೋಡುತ್ತಾ ನಿಂತುಬಿಟ್ಟರು. ಅವರ ಹೆಂಡತಿ ಟವೆಲ್ ಹಿಡಿದು ಹತ್ತಿರ ಹೋದರೆ "ನೀನು ಹೊರಗೆ ಹೋಗು" ಅಂದರು. ಹೀಗಾಗುತ್ತದೆ ಎಂದು ನಾನು ಅವರಿಗೆ ಹೇಳಿದ್ದೆನೇ? ಸಹಿ ಹಾಕಿಸಿಕೊಂಡ ಕಾಗದದಲ್ಲಿ ಒಂದು ಸಾಲು ಇತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ಆಪರೇಷನ್‌ಗೆ ಮುಂಚಿನ ಮಾತುಕತೆಯನ್ನು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಳ್ಳದೆ ನಾನು ಮಾಡಿಲ್ಲ. ಒಂಟಿಯಾಗಿ ಇರುವವರಾದರೆ ನಂಬಿಕೆಯ ಸ್ನೇಹಿತರನ್ನು ಕರೆತನ್ನಿ ಅನ್ನುತ್ತೇನೆ.

ಮೂತ್ರ ಯಾಕೆ ಸೋರುತ್ತದೆ? ಮೂತ್ರಕ್ಕೆ ಎರಡು ಬಾಗಿಲುಗಳಿವೆ. ಮೂತ್ರಕೋಶದ ಕೊರಳಿನಲ್ಲಿ ಒಂದು. ಅದು ನಮ್ಮ ಅರಿವಿಲ್ಲದೆ ತಾನಾಗಿ ಮುಚ್ಚಿಕೊಂಡಿರುತ್ತದೆ. ಪ್ರಾಸ್ಟೇಟಿನ ಕೆಳಗೆ ಇನ್ನೊಂದು. ಅದು ನಾವು ಬೇಕೆಂದಾಗ ಬಿಗಿಯುವ ಸ್ನಾಯು. ಪ್ರಾಸ್ಟೇಟ್ ತೆಗೆಯುವಾಗ ಮೇಲಿನ ಬಾಗಿಲು ಬಹುಮಟ್ಟಿಗೆ ಕೆಲಸ ಬಿಡುತ್ತದೆ. ಇಷ್ಟು ವರ್ಷ ಸಹಾಯಕನಾಗಿದ್ದ ಕೆಳಗಿನ ಬಾಗಿಲು ಒಂದೇ ದಿನದಲ್ಲಿ ಪೂರ್ತಿ ಜವಾಬ್ದಾರಿ ಹೊರಬೇಕು. ಅದಕ್ಕೆ ಕೂಡಲೇ ಸಾಧ್ಯವಾಗುವುದಿಲ್ಲ, ಅಷ್ಟೇ. ನೀವು ಕೆಟ್ಟುಹೋಗಿಲ್ಲ, ಮುದುಕರೂ ಆಗಿಲ್ಲ.

ಆ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಕೀಗಲ್ ವ್ಯಾಯಾಮ ಅನ್ನುತ್ತಾರೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೀಗಲ್ 1948ರಲ್ಲಿ ಹೆರಿಗೆಯಾದ ಹೆಂಗಸರಿಗಾಗಿ ಬರೆದದ್ದು ಇಂದು ನಮಗೆ ಉಪಯೋಗಕ್ಕೆ ಬರುತ್ತಿದೆ. ಸ್ನಾಯು ಎಲ್ಲಿದೆ ಎಂದು ಕಂಡುಕೊಳ್ಳುವುದೇ ಅರ್ಧ ಕೆಲಸ. ಈಗಲೇ, ಕೂತಲ್ಲೇ ಮಾಡಿ ನೋಡಿ, ಯಾರಿಗೂ ಕಾಣುವುದಿಲ್ಲ. ಗಾಳಿ ಹೋಗದಂತೆ ಗುದದ್ವಾರವನ್ನು ಬಿಗಿಹಿಡಿಯಿರಿ. ಹಾಗೇ, ಹರಿಯುವ ಮೂತ್ರವನ್ನು ನಡುವೆ ನಿಲ್ಲಿಸುವಂತೆ ಮುಂದೆಯೂ ಬಿಗಿಯಿರಿ. ಶಿಶ್ನದ ಬುಡ ಒಳಕ್ಕೆ ಎಳೆದಂತಾದರೆ ಸರಿಯಾದ ಸ್ನಾಯು ಸಿಕ್ಕಿತು. ಹೊಟ್ಟೆ ಗಟ್ಟಿಯಾದರೆ, ಪೃಷ್ಠ ಕಲ್ಲಾದರೆ, ಉಸಿರು ಕಟ್ಟಿದರೆ ತಪ್ಪು ಜಾಗದಲ್ಲಿ ಹುಡುಕುತ್ತಿದ್ದೀರಿ. ಬಿಗಿಹಿಡಿದು ಐದು ಎಣಿಸಿ, ಪೂರ್ತಿ ಸಡಿಲಬಿಟ್ಟು ಐದು ಎಣಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಸಡಿಲಬಿಡುವುದನ್ನು ಅವಸರ ಮಾಡಬೇಡಿ, ಸ್ನಾಯು ದಣಿವಾರಿಸಿಕೊಳ್ಳುವುದು ಆಗಲೇ. ಆಪರೇಷನ್‌ಗೆ ಕೆಲವು ವಾರ ಮುಂಚೆಯೇ ಕಲಿತುಬಿಡಿ. ಕ್ಯಾತಿಟರ್ ಇರುವಾಗ ಮಾಡಬೇಡಿ, ತೆಗೆದ ಮೇಲೆ ಮುಂದುವರಿಸಿ. ಕುರ್ಚಿಯಿಂದ ಏಳುವ ಮುಂಚೆ, ಕೆಮ್ಮುವ ಮುಂಚೆ, ಸೀನುವ ಮುಂಚೆ ಒಮ್ಮೆ ಬಿಗಿದುಕೊಳ್ಳುವ ರೂಢಿ ಬಂದರೆ ಬಹಳಷ್ಟು ಸೋರಿಕೆ ಅಲ್ಲಿಗೇ ನಿಲ್ಲುತ್ತದೆ.

ಮೊದಲು ರಾತ್ರಿ ಒಣಗುತ್ತದೆ, ಯಾಕೆಂದರೆ ಮಲಗಿದಾಗ ಭಾರ ಬೀಳುವುದಿಲ್ಲ. ಆಮೇಲೆ ಬೆಳಗಿನ ಹೊತ್ತು. ಸಂಜೆ ಎಲ್ಲಕ್ಕಿಂತ ಕೊನೆಗೆ, ಅಷ್ಟು ಹೊತ್ತಿಗೆ ಸ್ನಾಯು ಸೋತಿರುತ್ತದೆ. "ಬೆಳಿಗ್ಗೆ ಸರಿಯಿದ್ದೆ, ಸಂಜೆ ಮತ್ತೆ ಹಾಳಾಯಿತು ಡಾಕ್ಟ್ರೇ" ಅಂತ ಕಣ್ಣಲ್ಲಿ ನೀರು ಹಾಕಿಕೊಂಡು ಬರುವವರಿಗೆ ನಾನು ಇದನ್ನೇ ಹೇಳುವುದು: ಬೆಳಿಗ್ಗೆ ಒಣಗಿತ್ತಲ್ಲ, ಅದೇ ಗುಣದ ಲಕ್ಷಣ. ದಿನಕ್ಕೆ ಎಷ್ಟು ಪ್ಯಾಡ್ ಬದಲಿಸಿದಿರಿ ಎಂದು ಬರೆದಿಡಿ. ದಿನದಿಂದ ದಿನಕ್ಕೆ ನೋಡಿದರೆ ಬದಲಾವಣೆ ಕಾಣುವುದಿಲ್ಲ, ತಿಂಗಳಿಂದ ತಿಂಗಳಿಗೆ ಕಾಣುತ್ತದೆ. ಸೋರುತ್ತದೆಂದು ನೀರು ಕುಡಿಯುವುದು ಬಿಟ್ಟರೆ ಮೂತ್ರ ಗಾಢವಾಗಿ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ. ಕಾಫಿ, ಮದ್ಯ ಕಡಿಮೆ ಮಾಡಿ. ಹೆಚ್ಚಿನವರು ಮೂರರಿಂದ ಆರು ತಿಂಗಳಲ್ಲಿ ನೆಮ್ಮದಿಯ ಹಂತಕ್ಕೆ ಬರುತ್ತಾರೆ, ವರ್ಷದವರೆಗೂ ಸುಧಾರಣೆ ಇರುತ್ತದೆ. ವರ್ಷವಾದರೂ ನಿಲ್ಲದ ಕೆಲವರಿಗೆ ಮೂತ್ರನಾಳಕ್ಕೆ ಆಸರೆಯಾಗುವ ಪಟ್ಟಿ ಇದೆ, ಕೆಳಗಿನ ಬಾಗಿಲಿನ ಕೆಲಸ ಮಾಡುವ ಕೃತಕ ಸ್ಫಿಂಕ್ಟರ್ ಇದೆ. ಸುಮ್ಮನೆ ಸಹಿಸಿಕೊಂಡು ಕೂರಬೇಕಾದ್ದಲ್ಲ ಇದು.

ಈಗ ಇನ್ನೂ ಕಷ್ಟದ ವಿಷಯಕ್ಕೆ ಬರುತ್ತೇನೆ. ನಿಮಿರುವಿಕೆಗೆ ಬೇಕಾದ ನರಗಳು ಪ್ರಾಸ್ಟೇಟಿನ ಎರಡೂ ಬದಿಗೆ ಅಂಟಿಕೊಂಡು ಹೋಗುತ್ತವೆ. ಈ ನರಗಳ ಖಚಿತ ದಾರಿ ಬಹಳ ಕಾಲ ಶಸ್ತ್ರವೈದ್ಯರಿಗೆ ಗೊತ್ತಿರಲಿಲ್ಲ, ಕತ್ತರಿಗೆ ಸಿಕ್ಕಿ ಹೋಗುತ್ತಿದ್ದವು. ಹಾಲೆಂಡಿನ ಹಿರಿಯ ವೈದ್ಯ ಪೀಟರ್ ಡಾಂಕರ್ ಜೊತೆ ಕೂತು ಆ ದಾರಿಯನ್ನು ಪತ್ತೆ ಮಾಡಿದವರು ಅಮೆರಿಕದ ಪ್ಯಾಟ್ರಿಕ್ ವಾಲ್ಶ್. ನರಗಳನ್ನು ಉದ್ದೇಶಪೂರ್ವಕವಾಗಿ ಉಳಿಸಿ ಅವರು ಮೊದಲ ಆಪರೇಷನ್ ಮಾಡಿದ್ದು 1982ರಲ್ಲಿ. ಇಂದು ನಾವು ಮಾಡುವುದೆಲ್ಲ ಅಲ್ಲಿಂದ ಬಂದದ್ದು. ಆದರೂ ಕ್ಯಾನ್ಸರ್ ನರದ ಹತ್ತಿರ ಬಂದಿದ್ದರೆ ಉಳಿಸಲಾಗುವುದಿಲ್ಲ. ಉಳಿಸಿದರೂ, ಎಳೆದು ಸರಿಸಿದ ನರ ಮಂಕಾಗಿ ಮಲಗಿಬಿಡುತ್ತದೆ. ಎಚ್ಚರವಾಗಲು ತಿಂಗಳುಗಳು ಬೇಕು, ಕೆಲವೊಮ್ಮೆ ಎರಡು ವರ್ಷ. ವಯಸ್ಸು, ಸಕ್ಕರೆ ಕಾಯಿಲೆ, ಆಪರೇಷನ್‌ಗೆ ಮುಂಚೆ ಹೇಗಿತ್ತು ಎಂಬುದರ ಮೇಲೆ ಇದೆಲ್ಲ ನಿಂತಿದೆ. ಕೆಲವರಿಗೆ ಮೊದಲಿನಂತೆ ಬರುವುದೇ ಇಲ್ಲ. ಸುಳ್ಳು ಭರವಸೆ ಕೊಡಲಾರೆ.

ಸ್ಪರ್ಶದ ಅರಿವು ಉಳಿದಿರುತ್ತದೆ, ಸುಖದ ತುದಿಯೂ ಉಳಿದಿರುತ್ತದೆ. ಆದರೆ ವೀರ್ಯ ಬರುವುದಿಲ್ಲ, ಅದನ್ನು ತಯಾರಿಸುವ ಗ್ರಂಥಿಗಳೇ ಹೋಗಿವೆ. ಮುಂದೆ ಮಗು ಬೇಕೆನ್ನುವವರು ಆಪರೇಷನ್‌ಗೆ ಮುಂಚೆಯೇ ವೀರ್ಯ ಶೇಖರಿಸಿಡಬೇಕು. ನಿಮಿರುವಿಕೆಗೆ ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳಿವೆ. ಹೃದಯಕ್ಕೆ ನೈಟ್ರೇಟ್ ತೆಗೆದುಕೊಳ್ಳುವವರು ಇವನ್ನು ಮುಟ್ಟಲೇಬಾರದು, ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು. ಮಾತ್ರೆ ಸಾಲದಿದ್ದರೆ ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್, ಕೊನೆಗೆ ಇಂಪ್ಲಾಂಟ್. ದಾರಿಗಳಿಗೆ ಕೊರತೆಯಿಲ್ಲ, ಕೇಳುವ ಬಾಯಿಗೇ ಕೊರತೆ. ನನ್ನ ಎದುರು ಕೂತು "ಎಲ್ಲ ಚೆನ್ನಾಗಿದೆ" ಅಂದು ಬಾಗಿಲವರೆಗೂ ಹೋಗಿ, ಹಿಡಿಯ ಮೇಲೆ ಕೈಯಿಟ್ಟು ತಿರುಗಿ ನಿಲ್ಲುತ್ತಾರೆ. ನಾನು ಮತ್ತೆ ಕೂರಿಸುತ್ತೇನೆ. ಮನೆಯಲ್ಲಿ ಹೆಂಡತಿ "ನನಗೆ ನೀವು ಬದುಕಿದ್ದೇ ಸಾಕು" ಅನ್ನುತ್ತಾರೆ. ಗಂಡ ಅದನ್ನು ಕರುಣೆ ಎಂದುಕೊಂಡು ಬೇರೆ ಕೋಣೆಯಲ್ಲಿ ಮಲಗತೊಡಗುತ್ತಾನೆ. ತಬ್ಬಿಕೊಳ್ಳುವುದನ್ನೂ ಬಿಟ್ಟ ದಂಪತಿಗಳನ್ನು ನೋಡಿದ್ದೇನೆ. ಇದನ್ನು ಹೇಳಲೆಂದೇ ಜೊತೆಗೆ ಬಂದವರನ್ನು ಕಂಡು ಸಂತೋಷವಾಯಿತು ಅಂದದ್ದು. ಹತ್ತಿರ ಕೂರುವುದಕ್ಕೆ ಯಾವ ನರವೂ ಬೇಕಿಲ್ಲ. ಅದನ್ನು ಮೊದಲ ವಾರದಿಂದಲೇ ಬಿಡಬೇಡಿ.

ಕೊನೆಯದಾಗಿ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ತಯಾರಿಸುವ, ರಕ್ತಪರೀಕ್ಷೆಯಲ್ಲಿ ಅಳೆಯುವ ಒಂದು ಪ್ರೋಟೀನ್. ಗ್ರಂಥಿಯೇ ಇಲ್ಲವೆಂದ ಮೇಲೆ ರಕ್ತದಲ್ಲಿ ಅದು ಕಾಣಸಿಗದಷ್ಟು ಇಳಿಯಬೇಕು. ಮೊದಲ ಪರೀಕ್ಷೆ ಆರರಿಂದ ಎಂಟು ವಾರಕ್ಕೆ, ಆಮೇಲೆ ವೈದ್ಯರು ಹೇಳಿದಂತೆ ವರ್ಷಗಟ್ಟಲೆ. ಇಳಿದದ್ದು ಮತ್ತೆ ಏರಿ ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ತಲುಪಿ, ಇನ್ನೊಮ್ಮೆ ನೋಡಿದಾಗಲೂ ಅಷ್ಟೇ ಇದ್ದರೆ, ಕಾಯಿಲೆ ಮರುಕಳಿಸಿದೆ ಎಂದು ಪರಿಗಣಿಸುತ್ತೇವೆ. ಆಗಲೂ ವಿಕಿರಣ ಚಿಕಿತ್ಸೆಯಿಂದ ಗುಣವಾಗುವ ಅವಕಾಶ ಹಲವರಿಗೆ ಇರುತ್ತದೆ, ಬೇಗ ಗೊತ್ತಾದಷ್ಟೂ ಒಳ್ಳೆಯದು. ಚೆನ್ನಾಗಿದ್ದೇನೆಂದು ಪರೀಕ್ಷೆ ತಪ್ಪಿಸಬೇಡಿ. ವರದಿ ಬರುವ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ ಅಂತ ಹಲವರು ಹೇಳಿದ್ದಾರೆ. ಅದು ಸಹಜ, ಮನೆಯವರಿಗೂ ಗೊತ್ತಿರಲಿ.

ನನ್ನ ಮಾತು ಇಷ್ಟೇ. ಈಗ ಎಲ್ಲರ ಕೈಗೂ ಒಂದು ಚೀಟಿ ಬರುತ್ತದೆ. ಎದ್ದು ನಿಂತು ಕೇಳಲಾಗದ್ದನ್ನು ಅದರಲ್ಲಿ ಬರೆದು ಮಡಚಿ ಕೊಡಿ, ಹೆಸರು ಬೇಡ. ಒಂದೊಂದನ್ನೂ ಓದಿ ಉತ್ತರ ಹೇಳಿಯೇ ಹೋಗುತ್ತೇನೆ.